ದೇವರ ತಲೆಯ ಮೇಲಿನ ಮೋಡ

“ದೇವರು ಇಳಿಯದೆ ಏಸಿ ಏರೋದಿಲ್ಲ ಅಜ್ಜಿ,” ಎಂದು ನಿಶಿಯಾಮ ಅಳತೆಯ ಟೇಪನ್ನು ಜೇಬಿಗಿಳಿಸಿದ. ಏಸಿ ಕೂರಿಸಲು ಬಂದವನು ಆಗಲೇ ಆ ಪುಟ್ಟ ಕೋಣೆಯನ್ನು ಬೆಕ್ಕಿನ ಹಾಗೆ ಸುತ್ತಿ ಸುತ್ತಿ ನೋಡಿದ್ದ. ಒಂದು ಕಡೆ ಸರಿಯುವ ಕಾಗದದ ಬಾಗಿಲು, ಒಂದು ಕಡೆ ಹಾಸಿಗೆ ಮಡಚಿಡುವ ಗೂಡು, ಮತ್ತೊಂದು ಕಡೆ ಅಡುಗೆಮನೆಗೆ ದಾರಿ. ಮೊಳೆ ಹಿಡಿಯುವಂಥ ಗೋಡೆ ಬಾಲ್ಕನಿಯ ಬದಿಯದು ಒಂದೇ. ಅದರ ನೆತ್ತಿಯಲ್ಲಿ, ಚಾವಣಿಗೆ ಒಂದು ಗೇಣು ಬಿಟ್ಟು, ತೊಮೆಯಜ್ಜಿಯ ದೇವರ ಹಲಗೆ ಕೂತಿತ್ತು.

ಸೊಸೆ ಸಚಿಯೆ ಅತ್ತೆಯ ಮುಖ ನೋಡಿದಳು. ಹೋದ ಬೇಸಿಗೆಯಲ್ಲಿ ಅದೇ ಹಲಗೆಯ ಕೆಳಗೆ, ದೇವರಿಗೆ ನೀರಿಡುತ್ತಿದ್ದ ಅತ್ತೆ ಸೆಕೆ ಬಡಿದು ಕಡಿದ ಬಾಳೆಯಂತೆ ಉರುಳಿದ್ದರು. ಇನ್ನೊಮ್ಮೆ ಹೀಗಾದರೆ ಉಳಿಸಿಕೊಡುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಸಚಿಯೆಗೆ ತನ್ನವರೆಂದು ಉಳಿದ ಜೀವ ಅದೊಂದೇ. ಹೊರಗೆ ಒಸಾಕಾದ ಬಿಸಿಲಿಗೆ ಜೀರುಂಡೆಗಳು ಒಂದೇ ಸಮನೆ ಕಿರುಚುತ್ತಿದ್ದವು.

“ನಿನ್ನ ಯಂತ್ರಾನೇ ಕೆಳಗೆ ಹಾಕಪ್ಪ,” ಎಂದರು ತೊಮೆ.

“ಕೆಳಗೆ ನಿಮ್ಮ ಬೀರು ಇದೆ. ಅದನ್ನೆಲ್ಲಿಡ್ತೀರಿ, ನನ್ನ ತಲೆ ಮೇಲಾ? ಹಲಗೇನ ಎರಡು ಗೇಣು ಇಳಿಸಿಬಿಡೋಣ ಅಜ್ಜಿ.”

“ದೇವರು ಕೆಳಗೆ, ಅವರ ನೆತ್ತಿ ಮೇಲೆ ನಿನ್ನ ಡಬ್ಬಿ! ಬೇಡ ಮಾರಾಯ, ತಗೊಂಡು ಹೋಗು. ಇಷ್ಟು ವರ್ಷ ಈ ಫ್ಯಾನಲ್ಲೇ ಕಳೆದಿದ್ದೀನಿ.”

“ಹೋದ ವರ್ಷ ಬಿದ್ದಿದ್ದು ಮರೆತೇಹೋಯ್ತಾ ಅತ್ತೆ?” ಎಂದಳು ಸಚಿಯೆ.

“ಬಿದ್ದಿದ್ದು ದೇವರ ಪಾದದಲ್ಲೇ ತಾನೆ? ಎಬ್ಬಿಸಿದೋರೂ ಅವರೇ.”

ಎಬ್ಬಿಸಿ, ಬೆನ್ನ ಮೇಲೆ ಹೊತ್ತು, ಮೆಟ್ಟಿಲಿಳಿದವಳು ಸಚಿಯೆ. ನಿಶಿಯಾಮ ತನ್ನ ಸಾಮಾನು ಚೀಲಕ್ಕೆ ತುಂಬತೊಡಗಿದ್ದ. ಅವನನ್ನು ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳಲೆಂದು ತಣ್ಣನೆಯ ಬಾರ್ಲಿ ಚಹಾ ತಂದಿಟ್ಟು, ಬೇರೆ ದಾರಿ ಕಾಣದೆ ಅವಳು ದೇವರ ಕಡೆಗೇ ಮುಖವೆತ್ತಿದಳು. ಹಲಗೆಯ ಮೇಲೆ, ಚಾವಣಿಗೆ ಅಂಟಿಸಿದ್ದ ಹಳದಿಗಟ್ಟಿದ ಕಾಗದ ಕಂಡಿತು. ‘ಮೋಡ’ ಎಂದು ಮಾವ ಬರೆದದ್ದು. ಅಂತಸ್ತಿನ ಮೇಲೆ ಅಂತಸ್ತಿರುವ ಕಟ್ಟಡಗಳಲ್ಲಿ ಎಲ್ಲರೂ ಹಾಗೆ ಅಂಟಿಸುತ್ತಾರೆ. ಮೇಲಿನ ಮನೆಯವರು ಎಷ್ಟೇ ಓಡಾಡಲಿ, ದೇವರ ಪಾಲಿಗೆ ಅಲ್ಲಿರುವುದು ಮೋಡ, ಆಚೆಗೆ ಬರೀ ಆಕಾಶ.

“ಅತ್ತೆ, ಮೇಲಿನ ಮನೆಯವನು ಕುಡಿದು ಬಂದು ಎಲ್ಲಿ ಮಲಗ್ತಾನೆ?”

“ಇಲ್ಲೇ, ನೆತ್ತಿ ಮೇಲೆ. ಗೊರಕೆಗೆ ನನ್ನ ನಿದ್ದೆಯೆಲ್ಲ ಹಾಳು.”

“ಅಂದ್ರೆ ದೇವರ ನೆತ್ತಿ ಮೇಲೂ ಹೌದು. ಆ ಕುಡುಕನ್ನೇ ಮಾವನ ಒಂದು ಮೋಡ ಇಷ್ಟು ವರ್ಷ ಮುಚ್ಚಿಕೊಂಡು ಬಂದಿದೆ. ಪಾಪ, ಈ ಡಬ್ಬಿ ಕುಡಿಯೋದೂ ಇಲ್ಲ, ಗೊರಕೆ ಹೊಡೆಯೋದೂ ಇಲ್ಲ.”

ನಿಶಿಯಾಮ ಕುಡಿಯುತ್ತಿದ್ದ ಚಹಾ ನೆತ್ತಿಗೇರಿ ಕೆಮ್ಮಿದ. ತೊಮೆ ನಗಬಾರದೆಂದು ತುಟಿ ಬಿಗಿಹಿಡಿದು ಗೋಡೆಯನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, “ಮಸಿ, ಕುಂಚ ತಾ,” ಎಂದರು.

ಬಿದ್ದಂದಿನಿಂದ ಅವರ ಕೈ ನಡುಗುತ್ತಿತ್ತು. ಹೊಸದಾಗಿ ಬರೆದ ‘ಮೋಡ’ ಒಂದು ಕಡೆ ಉಬ್ಬಿ, ಒಂದು ಕಡೆ ಹರಡಿತು. ಸಚಿಯೆ ಇನ್ನೊಂದು ಕಾಗದ ಚಾಚಿದಳು. “ಯಾಕೆ? ನೆಟ್ಟಗಿರೋ ಮೋಡ ಎಲ್ಲಾದರೂ ನೋಡಿದ್ದೀಯಾ?” ಎಂದು ತೊಮೆ ಅದನ್ನು ಅತ್ತ ಸರಿಸಿ, ಹಲಗೆಯ ಮುಂದೆ ನಿಂತು ತಲೆ ಬಾಗಿಸಿದರು. “ಸ್ವಲ್ಪ ಕೆಳಗೆ ಬರಬೇಕು ತಂದೆ. ತಪ್ಪು ತಿಳೀಬೇಡಿ. ನಾನೂ ಬಗ್ಗಿದ್ದೀನಲ್ಲ, ಎಷ್ಟು ಇಳಿದರೂ ನೀವು ನನಗಿಂತ ಎತ್ತರಾನೇ.”

ನಿಶಿಯಾಮ ಹೇಳಿಸಿಕೊಳ್ಳದೆ ನಲ್ಲಿಗೆ ಹೋಗಿ ಕೈ ತೊಳೆದು ಬಂದ. ಹಲಗೆ ಇಳಿಯಿತು, ಏಸಿ ಏರಿತು. ಹೊರಗಿನ ಯಂತ್ರಕ್ಕೆ ಜಾಗ ಬೇಕೆಂದು ಬಾಲ್ಕನಿಯಲ್ಲಿದ್ದ ಉಪ್ಪಿನಕಾಯಿಯ ಮರದ ಮರಿಗೆಯು, ಸಚಿಯೆ ಮಲಗುವ ಅಡುಗೆಮನೆಯ ಮೂಲೆಗೆ ಬಂತು. ಗಾಳಿ ಬರುವ ಬಾಯನ್ನು ಬಿಟ್ಟು, ಯಂತ್ರದ ಹೊಟ್ಟೆಯಡಿ ಆ ಸೊಟ್ಟ ಮೋಡವನ್ನು ಅಂಟಿಸಿ, ಮರಿಗೆಯಿಂದ ಅಜ್ಜಿ ತೆಗೆದುಕೊಟ್ಟ ಸೌತೆಕಾಯಿಗಳನ್ನು ಕಣ್ಣಿಗೊತ್ತಿಕೊಂಡು ಅವನು ಹೊರಟ.

ಗುಂಡಿ ಒತ್ತಿದಳು ಸಚಿಯೆ. ಮೊದಲು ಕಾಗದದ ಅಂಚು ಅಲುಗಿತು. ಬಳಿಕ ದೇವರ ಮುಂದಿನ ಎಲೆಗೊಂಚಲು ತೂಗಿತು. ಆಮೇಲೆ ಅತ್ತೆಯ ಹಣೆಯ ಮೇಲಿನ ಬಿಳಿಗೂದಲು. ತೊಮೆ ಪದ್ಧತಿಯಂತೆ ಎರಡು ಸಲ ಚಪ್ಪಾಳೆ ತಟ್ಟಿ ದೇವರಿಗೆ ಕೈಮುಗಿದರು.

“ಇಷ್ಟು ವರ್ಷ ಇವರಿಗೂ ಸೆಕೆ ಆಗಿತ್ತೇನೋ ಕಣೇ,” ಎಂದರು. “ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ.”

ಹಾಗೆಂದು ತಿರುಗಿದವರು ಬೆವರಿಗೆ ಬೆನ್ನಿಗಂಟಿಕೊಂಡಿದ್ದ ಸೊಸೆಯ ಅಂಗಿಯನ್ನು ನೋಡಿದರು. ಕೋಣೆಯನ್ನೂ ಫ್ಯಾನನ್ನೂ ತಮಗೆ ಬಿಟ್ಟು ಅವಳು ಒಲೆಯ ಪಕ್ಕ ಮಲಗತೊಡಗಿ ಎಷ್ಟು ಬೇಸಿಗೆಯಾಯಿತೋ.

“ನೀನೂ ಹೇಳಲಿಲ್ಲ. ಹೋಗು, ಹಾಸಿಗೆ ತಂದು ಈ ಮೋಡದ ಕೆಳಗೆ ಹಾಸು.”