ದೀಪದ ಹೊತ್ತಿನ ಬಾಗಿಲು

ಸಂಘಮಿತ್ರಾ ಮಗನ ಬಾಯಿಗೆ ಬೆರಳು ಹಾಕಿ ಬನ್ನಿನ ಚೂರನ್ನು ಹೊರಗೆ ತೆಗೆದಳು. ಅದೂ ಪಕ್ಕದ ಮನೆಯ ನೌರೀನಳ ಹೊಸ್ತಿಲಲ್ಲೇ, ಅವಳ ಕಣ್ಣೆದುರಿಗೇ. ಅರ್ಧ ಅಗಿದ ಚೂರು ಅಂಗೈಗೆ ಬಂತು. ಆರು ವರ್ಷದ ಸುಗತ ಅಳಲಿಲ್ಲ. ಖಾಲಿಯಾದ ಬಾಯಿ ತೆರೆದುಕೊಂಡೇ ನಿಂತಿದ್ದ.

"ಹಾಯ್ ಅಲ್ಲಾ! ಏನಾಯ್ತು ಅಕ್ಕಾ? ಬನ್ ಹಳಸಿತ್ತಾ? ಈಗ ತಾನೇ ಬೇಕರಿಯಿಂದ ತಂದಿದ್ದು," ನೌರೀನ್ ಗಾಬರಿಯಾದಳು.

"ಬನ್ನಿಗೇನೂ ಆಗಿಲ್ಲ ನೌರೀನ್. ಇವತ್ತಿಂದ ಇವ್ನಿಗೆ ಪಥ್ಯ. ಗೋಧಿ, ಮೈದಾ, ಹಾಲು, ಮೊಸರು ಎಲ್ಲಾ ಬಂದ್."

"ಹಾಗಾದ್ರೆ ಬಾಳೆಹಣ್ಣು ಕೊಡ್ಲಾ?"

"ಹಣ್ಣು ಮುಟ್ಟಲ್ಲ ಅವ್ನು, ನಿಂಗೊತ್ತಲ್ಲ. ಏನೂ ಕೊಡ್ಬೇಡ."

ಲಿಂಗರಾಜಪುರದ ಆ ವಠಾರದಲ್ಲಿ ಸುಗತನ ಸಂಜೆಯ ಸವಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಹೆತ್ತ ತಾಯಿಯ ಮುಖವನ್ನೂ ನೆಟ್ಟಗೆ ನೋಡದ, ಹೆಸರು ಹಿಡಿದು ಕೂಗಿದರೂ ತಿರುಗದ ಹುಡುಗ ದೀಪ ಹಚ್ಚುವ ಹೊತ್ತಿಗೆ ಮಾತ್ರ ಥೇಟ್ ಸಾಹೇಬರ ಹಾಗೆ ಹೊರಡುತ್ತಿದ್ದ. ಮೊದಲು ನೌರೀನಳ ಮನೆಯಲ್ಲಿ ಬನ್ನು. ಆಮೇಲೆ ಎದುರು ಮನೆಯ ಪಿಳ್ಳಮ್ಮಜ್ಜಿಯ ಹತ್ತಿರ ಹಾಲಿನಲ್ಲಿ ಅದ್ದಿದ ರಸ್ಕು. ತಿಂದು ಮುಗಿಸಿ ಅಜ್ಜಿಯ ಕಿವಿಯೋಲೆಯನ್ನು ಒಮ್ಮೆ ಬೆರಳಲ್ಲಿ ಮುಟ್ಟಿ ವಾಪಸು ಬರುತ್ತಿದ್ದ. ಅವನ ಪಾಲಿಗೆ ಜನ ಅಂದರೆ ಇಷ್ಟೇ ಜನ.

ಮಾತು ಮಾತ್ರ ಬಂದಿರಲಿಲ್ಲ. "ಊಟ ಬದಲಾಯಿಸಿದ್ರೆ ಆಟಿಸಂ ಇರೋ ಮಗೂಗೆ ಮಾತು ಬರುತ್ತೆ ಅನ್ನೋದಕ್ಕೆ ಪುರಾವೆ ಇಲ್ಲಮ್ಮ. ಮೊದ್ಲೇ ಇವ್ನು ತಿನ್ನೋದು ಕಡಿಮೆ" ಎಂದು ಆಸ್ಪತ್ರೆಯ ಡಾಕ್ಟರು ಬಿಡಿಸಿಯೇ ಹೇಳಿದ್ದರು. ಸಂಘಮಿತ್ರಾ ತಲೆಯಾಡಿಸಿ ಬಂದಿದ್ದಳು. ಆದರೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ತಾಯಿ ತನ್ನ ಮಗನ ವಿಡಿಯೊ ಹಾಕಿದ್ದಳು. ಹಾಲು, ಗೋಧಿ ಬಿಡಿಸಿದ ಮೇಲೆ ಆ ಮಗು "ಅಮ್ಮ" ಅಂದಿತ್ತಂತೆ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯ ಸೀರೆಗಳಿಗೆ ಫಾಲ್ ಹೊಲಿಯುತ್ತ ಕೂತಾಗಲೆಲ್ಲ ಅವಳು ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದ್ದಳು. ಆ ಒಂದು ಮಾತು ಕೇಳಲು ಅವಳ ಜೀವ ಚಡಪಡಿಸುತ್ತಿತ್ತು. ಡಾಕ್ಟರು ಹೇಳಿದ ಮೇಲೂ ಬುದ್ಧಿ ಬೇಡವೇ ಎಂದು ಕೇಳುವವರು ಕೇಳಲಿ. ಕಾದವಳ ಕಷ್ಟ ಕಾದವಳಿಗೇ ಗೊತ್ತು.

ಆ ಸಂಜೆಯೇ ಪಿಳ್ಳಮ್ಮನಿಗೂ ಹೇಳಿದ್ದಾಯಿತು. ಮುದುಕಿ ರಸ್ಕಿನ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೇಳಿದಳು.

"ಹೊಸ್ಲಿಗೆ ಬಂದು ನಿಂತ ಮಗೂನ ಬರಿಗೈಲಿ ಹೆಂಗಮ್ಮ ಕಳ್ಸೋದು? ನನ್ ಕೈಲಿ ಆಗಲ್ಲ ಕಣೆ."

"ನಿಮ್ ಕಾಲಿಗೆ ಬೀಳ್ತೀನಿ ಅಜ್ಜಿ. ಒಂದ್ ಚೂರು ಕೊಟ್ರೂ ಮಾಡಿದ್ದೆಲ್ಲಾ ಹಾಳಾಗೋಗುತ್ತೆ. ಅವ್ನು ಮಾತಾಡ್ಬೇಕು."

"ಆಡ್ತಾನಾ?"

"ಆಡ್ತಾನೆ."

ಪಿಳ್ಳಮ್ಮ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. "ಆಗ್ಲಿ ಬಿಡು. ಆ ಭಾಗ್ಯ ನನ್ನಿಂದ ಯಾಕೆ ತಪ್ಬೇಕು."

ಮಾರನೆಯ ದಿನ ಸುಗತ ರಾಗಿದೋಸೆಯನ್ನು ಮೂಸಿ ಕೆಳಗಿಟ್ಟ. ಮಧ್ಯಾಹ್ನ ಬರೀ ಅನ್ನ ಎರಡು ತುತ್ತು ತಿಂದದ್ದೇ ದೊಡ್ಡದಾಯಿತು. ಸಂಜೆಯಾಗುತ್ತಲೇ ಎಂದಿನಂತೆ ಹೊರಟ. ಸಂಘಮಿತ್ರಾ ತಡೆಯಲಿಲ್ಲ. ತಿನ್ನಿಸಬೇಡಿ ಎಂದದ್ದಷ್ಟೇ, ನಾಲ್ಕು ಮುಖ ನೋಡಿಕೊಂಡು ಬರುವುದಕ್ಕೇನು ಅಂದುಕೊಂಡಳು.

ನೌರೀನಳ ಬಾಗಿಲು ಮುಚ್ಚಿತ್ತು. ಅವನ ಚಪ್ಪಲಿಯ ಸದ್ದಿಗೆ ಒಳಗಿನ ಟೀವಿಯ ದನಿ ತಟ್ಟನೆ ನಿಂತಿತು. ಸುಗತ ಬಾಗಿಲಿಗೆ ಅಂಗೈ ಇಟ್ಟು ನಿಂತ. ತಟ್ಟುವುದು ಅವನಿಗೆ ಗೊತ್ತಿರಲಿಲ್ಲ, ಈವರೆಗೆ ತಟ್ಟುವ ಪ್ರಸಂಗವೇ ಬಂದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದುರು ಮನೆಗೆ ಹೋದ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕಿದರೆ ಲಕ್ಷ್ಮಿ ಹೊರಗೇ ನಿಲ್ಲುತ್ತಾಳೆ ಎಂದು ವಠಾರದವರಿಗೆಲ್ಲ ಬೈಯುವ ಪಿಳ್ಳಮ್ಮನ ಬಾಗಿಲೂ ಮುಚ್ಚಿತ್ತು. ಸಂದಿಯಿಂದ ಒಳಗಿನ ದೀಪ ಕಾಣುತ್ತಿತ್ತು. ಅವನು ಆ ಸಂದಿಗೆ ಕೆನ್ನೆ ಒತ್ತಿಕೊಂಡ.

ಕರೆದುಕೊಂಡು ಹೋಗಲು ಬಂದ ಸಂಘಮಿತ್ರಾ ನಿಂತಲ್ಲೇ ನಿಂತಳು. ಸಿಟ್ಟಿನಿಂದ ಹಾಕಿದ ಬಾಗಿಲುಗಳಲ್ಲ ಇವು. ಇಲ್ಲ ಅನ್ನಲಾರದವರು ಹಾಕಿಕೊಂಡದ್ದು, ಅದೂ ಅವಳ ಮಾತಿಗೆ ಬೆಲೆ ಕೊಟ್ಟು. ಬೈದುಕೊಳ್ಳಲು ಕೂಡ ಯಾರೂ ಸಿಗದೆ ಅವಳು ಮಗನ ಹತ್ತಿರ ಹೋದಳು.

ಬಳೆಯ ಸದ್ದು ಕೇಳಿ ಪಿಳ್ಳಮ್ಮ ಒಳಗಿನಿಂದಲೇ ಪಿಸುಗುಟ್ಟಿದಳು.

"ಯಾರು, ಮಿತ್ರಾನಾ?"

"ಹೂಂ ಅಜ್ಜಿ."

"ಮಗು ಹೋಯ್ತೇನಮ್ಮ? ಇದ್ರೆ ಹೇಳ್ಬಿಡು ತಾಯಿ. ನಂಗೆ ಇಲ್ಲಿ ಕೂರಕ್ಕಾಗ್ತಿಲ್ಲ."

ಇದ್ದಾನೆ ಅಂದರೆ ಬಾಗಿಲು ತೆರೆಯುತ್ತದೆ, ಅದರ ಹಿಂದೆಯೇ ರಸ್ಕಿನ ಡಬ್ಬಿಯೂ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗನ ಕೈ ಹಿಡಿದುಕೊಂಡಳು.

"ಹೋದ ಅಜ್ಜಿ," ಅಂದಳು.

ಸುಗತ ಬಾಗಿಲಿನಿಂದ ಕೆನ್ನೆ ತೆಗೆಯಲಿಲ್ಲ. ಇಲ್ಲೇ ಇದ್ದೀನಿ ಅನ್ನಲು ಅವನಿಗೆ ಮಾತು ಬರುತ್ತಿರಲಿಲ್ಲ.