ಎರಡನೇ ಜ್ವರ

“ರೋಗ ಬಂದಿರೋ ಹುಳ ನನಗೆ ಬ್ಯಾಡ ಕಣವ್ವ,” ಎಂದು ಚೆಲುವಯ್ಯ ಹೋದ ಸಲ ಒಯ್ದಿದ್ದ ಖಾಲಿ ತಟ್ಟೆಗಳನ್ನು ಹೊಸಿಲಿನ ಆಚೆಗೇ ಇಳಿಸಿದ.

“ಬೆಳಗ್ಗಿಂದ ಹಂಗಂದೋರಲ್ಲಿ ನೀನು ಒಂಬತ್ತನೆಯೋನು ಕಣಣ್ಣ. ಕೈಕಾಲು ತೊಳ್ಕೊಂಡು ಒಳಗ್ ಬಾ,” ಎಂದಳು ಲತಾಮಣಿ. ತಿಪ್ಪಸಂದ್ರದಲ್ಲಿ ರೇಷ್ಮೆಯ ಮರಿಹುಳ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರ ಅವಳದು. ಕೇಂದ್ರದ ವೆಬ್‌ಸೈಟಿನಲ್ಲಿ ಅವಳು ಹಿಂದಿನ ಸಂಜೆ ಬರೆದದ್ದು ಇಷ್ಟೇ: ‘ಹುಳಗಳಿಗೆ ಎರಡನೇ ಜ್ವರ ಮುಗಿದಿದೆ. ಬೆಳಗ್ಗೆಯೇ ಬಂದು ಒಯ್ಯಿರಿ.’ ರೈತರ ಫೋನಿನಲ್ಲಿ ಕಂಡದ್ದು: ‘ಹುಳಗಳಿಗೆ ಎರಡನೇ ಸೋಂಕು ಜ್ವರ ಮುಗಿದಿದೆ.’

ಪೊರೆ ಬಿಡುವ ಮುನ್ನ ಹುಳ ಸೊಪ್ಪು ತೊರೆದು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ನೋಡಿದವರು ಧ್ಯಾನ ಎನ್ನಬಹುದಿತ್ತು. ಈ ಸೀಮೆಯವರು ಜ್ವರ ಎಂದರು. ಅದು ಕಾಯಿಲೆಯಲ್ಲ, ಬೆಳವಣಿಗೆ. ಆದರೆ ಹುಳಕ್ಕೆ ಸೋಂಕು ಎಂದಮೇಲೆ ಯಾರು ಮನೆಗೆ ಒಯ್ದಾರು? ಹಸಿದು ಎದ್ದಿರುವ ಅಷ್ಟೂ ಹುಳಕ್ಕೆ ಹಾಕುವಷ್ಟು ಸೊಪ್ಪು ಲತಾಮಣಿಯ ತೋಟದಲ್ಲಿರಲಿಲ್ಲ. ಬಿಸಿಲೇರುವುದರೊಳಗೆ ಹುಳ ಹೊರಡದಿದ್ದರೆ ಅವೂ ಉಳಿಯುವುದಿಲ್ಲ, ಹನ್ನೆರಡು ವರ್ಷ ಕಾದುಕೊಂಡ ಹೆಸರೂ ಉಳಿಯುವುದಿಲ್ಲ.

ವೆಬ್‌ಸೈಟ್ ಮಾಡಿಕೊಟ್ಟಿದ್ದ ಫಿರೋಜಾ ಫೋನ್ ಬಂದ ಕೂಡಲೇ ರಾಮನಗರದಿಂದ ಸ್ಕೂಟರಿನಲ್ಲಿ ಬಂದು, ಬಾಗಿಲ ಬಳಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. “ಅಕ್ಕಾ, ನೀವು ಬರೆದಿದ್ದು ಒಳಗೆ ಹಂಗೇ ಇದೆ. ಅದು ಪುಟಕ್ಕೆ ಹೋಗೋ ದಾರೀಲಿ ಕೊಕ್ಕೆಗಳಿರ್ತವೆ, ಹುಕ್ ಅಂತೀವಿ. ಪ್ಲಗಿನ್ ಅಂತ ಹೊರಗಿಂದ ಸೇರಿಸೋ ಸಣ್ಣ ಪ್ರೋಗ್ರಾಂ ಯಾವುದು ಬೇಕಾದ್ರೂ ಆ ಕೊಕ್ಕೆಗೆ ತಗಲಾಕ್ಕೊಂಡು, ಹೋಗ್ತಿರೋ ಮಾತನ್ನ ಹಿಡಿದು ತಿದ್ದಿ ಮುಂದಕ್ಕೆ ಕೊಡಬಹುದು. ಮೊನ್ನೆ ಭಾಷೆ ತಿದ್ದೋ ಪ್ಲಗಿನ್ ಒಂದನ್ನ ಹಾಕಿದ್ದೆ. ಅದರ ಪಟ್ಟೀಲಿ ಜ್ವರ ಅಂದ್ರೆ ಸೋಂಕು ಜ್ವರ. ತಪ್ಪು ನಂದೇ.”

“ಅಂದ್ರೆ ಇವಳು ಒಂದಂದ್ರೆ ಅದು ಇನ್ನೊಂದು ಸೇರ್ಸಿ ಹೇಳ್ತದಾ? ನಮ್ ಬೀಗರ ಹಂಗೆ!” ಎಂದ ಚೆಲುವಯ್ಯ.

ಲತಾಮಣಿ ನಕ್ಕಳು. “ಅಷ್ಟು ದೂರ ಯಾಕಣ್ಣ, ಹಣ್ಣುಕಾಯಿ ತಟ್ಟೆ ಪೂಜಾರಪ್ಪನ ಕೈಗೆ ಕೊಡಕಿಲ್ವಾ? ಇಡೀ ಕಾಯಿ ಕೊಡ್ತೀವಿ. ಒಡೆದು, ಹೂವಿಟ್ಟು ವಾಪಸ್ ಕೊಡ್ತಾರೆ. ಹಂಗೆ ಬದಲಾದ್ರೇನೇ ಅದು ಪ್ರಸಾದ. ಆದ್ರೆ ನಾನು ನನ್ ಮಗಳ ಹೆಸ್ರಲ್ಲಿ ಅರ್ಚನೆ ಅಂದ್ರೆ ಅವ್ರು ಪಕ್ಕದ ಮನೆಯೋಳ ಹೆಸ್ರು ಹೇಳ್ಬಾರ್ದು. ಫಿರೋಜಾ, ನಿನ್ ಪೂಜಾರಿಗೆ ಒಸಿ ಬುದ್ಧಿ ಹೇಳವ್ವ.”

“ನಮ್ಮ ಮನೇಲಿ ಅಜ್ಜನ ಕಾಲದಿಂದ ಗೂಡು ಬಿಚ್ಚಿ ನೂಲು ತೆಗೀತಾರೆ ಅಕ್ಕಾ. ಹುಳಕ್ಕೆ ಜ್ವರ ಅನ್ನೋ ಮಾತು ಕೇಳಿದ್ದು ಇವತ್ತೇ.”

“ಗೂಡು ನಿಮ್ಮನೆ ಮುಟ್ಟೋ ಹೊತ್ಗೆ ನಾಲ್ಕು ಜ್ವರ ದಾಟಿರ್ತದೆ. ನಿಮಗೆಲ್ಲಿ ಗೊತ್ತಾಗ್ಬೇಕು?”

ಫಿರೋಜಾ ಮೆಲ್ಲಗೆ ಬಿಸ್ಮಿಲ್ಲಾ ಅಂದು ಕೀಲಿ ಒತ್ತಿದಳು. ಮಾತು ಹೊರಗೆ ಹೋಗುವ ಕಡೆ ತಗುಲಿಕೊಂಡಿದ್ದ ಪ್ಲಗಿನ್ನನ್ನು ಬಿಡಿಸಿದಳು. ಬರೆಯುವವರ ಕಡೆಯ ಕೊಕ್ಕೆಗೆ ತಂದು ಹಾಕಿದಳು. “ಇನ್ಮೇಲೆ ಅದು ಕೇಳದೆ ತಿದ್ದಲ್ಲ,” ಎಂದಳು. ಪುಟದಿಂದ ಸೋಂಕು ಹೋಯಿತು.

“ಫೋನ್ ಸರಿಹೋಯ್ತು. ಹುಳ?” ಎಂದ ಚೆಲುವಯ್ಯ.

ಲತಾಮಣಿ ಹುಳದ ತಟ್ಟೆಯ ಮೇಲಿನ ಕಾಗದ ಸರಿಸಿ, ಸೊಪ್ಪನ್ನು ಅವನ ಕೈಗೇ ಕೊಟ್ಟಳು. ಅವನು ಎಳೆಯ ಎಲೆಗಳನ್ನು ಹರಿದು ಉದುರಿಸಿದ. ಪೊರೆ ಕಳಚಿದ ಹುಳಗಳು ಒಂದೊಂದಾಗಿ ಎಲೆಯ ಅಂಚು ಹತ್ತಿದವು. ಚೆಲುವಯ್ಯ ಬಗ್ಗಿ ಬಹಳ ಹೊತ್ತು ನೋಡಿದ. ತಳದಲ್ಲಿ ಒಂದೂ ಮಂಕಾಗಿ ಉಳಿದಿರಲಿಲ್ಲ. ಅವನು ಫೋನ್ ತೆಗೆದು ತೋಟದ ನೆರೆಯವನನ್ನು ಕೂಗಿದ: “ಲೇ ಕೆಂಪರಾಜು, ಹುಳ ಚಂದಾಗವೆ ಕಣ್ಲಾ. ನಾನೇ ಸೊಪ್ಪಾಕಿ ನೋಡ್ದೆ. ಮಿಕ್ಕೋರ್ಗೂ ಹೇಳಿ ಗಾಡಿ ಕಟ್ಕೊಂಡು ಬಂದ್ಬುಡು.”

ಲತಾಮಣಿ ತನ್ನ ಫೋನಿನಲ್ಲಿ ಅದೇ ಸಾಲನ್ನು ಹೊಸದಾಗಿ ಬರೆದಳು. ಉಳಿಸಲು ಹೋದಾಗ ಪರದೆ ತಡೆದು ಕೇಳಿತು: ‘ಜ್ವರ ಎಂಬುದನ್ನು ಸೋಂಕು ಜ್ವರ ಎಂದು ತಿದ್ದಲೇ?’ ಕೆಳಗೆ ಎರಡು ಚೌಕಗಳು, ಹೌದು, ಬೇಡ.

“ಇಲ್ಲಿ ಕೊಡವ್ವ,” ಎಂದು ಚೆಲುವಯ್ಯ ಹೆಬ್ಬೆರಳಿನಿಂದ ‘ಬೇಡ’ವನ್ನು ಒತ್ತಿ ಹಿಡಿದ. ಕೈ ತೆಗೆದಾಗ, ರುಜು ಹಾಕಲು ಬಾರದವನು ಕಾಗದದ ಮೇಲೆ ಒತ್ತಿದ ಗುರುತಿನಂತೆ, ಸೊಪ್ಪಿನ ಹಸಿರು ಗಾಜಿನ ಮೇಲೆ ಗೆರೆಗೆರೆಯಾಗಿ ಮೂಡಿತ್ತು.