ಮನೆಯವರ ಹೆಸರು

ಸಂಘದ ಚಂದಾವನ್ನು ಸಂಬಳದಲ್ಲೇ ಮುರಿದುಕೊಳ್ಳುವುದನ್ನು ಸರ್ಕಾರ ನಿಲ್ಲಿಸಿದ ಮೇಲೆ, ನೌಕರರ ಸಂಘದ ಕಾರ್ಯದರ್ಶಿ ಮೊದಲ ಸಲ ನಮ್ಮ ಮೇಜುಗಳ ಬಳಿಗೆ ಬಂದರು. ಕೈಯಲ್ಲಿ ರಸೀದಿ ಪುಸ್ತಕವಿತ್ತು. ವಿಭಾಗಕ್ಕೆ ಹಿರಿಯಳು ನಾನಾದ್ದರಿಂದ ಉಳಿದವರೆಲ್ಲ ನನ್ನ ಮುಖ ನೋಡುತ್ತಿದ್ದರು.

“ನಾನು ಕೊಡಲ್ಲ ಸರ್,” ಎಂದೆ.

“ಯಾಕಮ್ಮ? ಇಷ್ಟು ವರ್ಷ ಕೊಟ್ಟಿದ್ರಲ್ಲ?”

“ನಾನು ಕೊಟ್ಟಿರಲಿಲ್ಲ, ನೀವು ತಗೊಂಡಿದ್ರಿ.”

ಪಕ್ಕದ ಮೇಜಿನಾಕೆ ಕಿಸಕ್ಕನೆ ನಕ್ಕಳು. ಕಾರ್ಯದರ್ಶಿಯ ಮುಖ ಬಿಗಿಯಿತು.

“ಟ್ರಾನ್ಸ್‌ಫರ್ ಟೈಮು ಹತ್ರ ಬಂತು. ಆಗ ಯಾರ ಹತ್ರ ಓಡಿ ಬರ್ತೀರೋ ನೋಡ್ತೀನಿ. ಸಂಘ ಅಂದ್ರೆ ಮನೆ ಇದ್ದ ಹಾಗೆ ಕಣಮ್ಮ. ಹೋದ ವರ್ಷ ನಿಮ್ಮ ಸೆಕ್ಷನ್‌ನವರೊಬ್ರು ತೀರಿಕೊಂಡಾಗ ಕೆಳಗಿನ ಹಾಲ್‌ನಲ್ಲಿ ಸಂತಾಪ ಸಭೆ ಮಾಡಿದ್ದು ಯಾರು? ಒಡಹುಟ್ಟಿದ ಅಕ್ಕನೇ ಹೋದ ಹಾಗಾಯ್ತು ಅಂತ ಮೈಕ್ ಮುಂದೆ ಅತ್ತವನು ನಾನು!”

“ಮನೆ ಅಂದ್ಮೇಲೆ ಮನೆಯವರ ಹೆಸರು ಗೊತ್ತಿರ್ಬೇಕಲ್ಲ ಸರ್. ನನ್ನ ಹೆಸರು ಹೇಳಿ, ಈಗ್ಲೇ ಕೊಡ್ತೀನಿ. ಎಲ್ರೂ ಕೊಡ್ತಾರೆ.”

ಕಾರ್ಯದರ್ಶಿಯ ಕಣ್ಣು ನನ್ನ ಮೇಜಿನ ಮೇಲಿದ್ದ ನಾಮಫಲಕದತ್ತ ಒಮ್ಮೆ ಹೋಗಿ ಬಂತು. ಮೀಸೆಯಡಿ ನಗು ಮೂಡಿತು. ಪೆನ್ನಿನ ಮುಚ್ಚಳ ತೆಗೆದು ರಸೀದಿ ಬರೆಯಲು ಬಗ್ಗಿದರು.

“ಗೊತ್ತಿಲ್ದೆ ಏನು? ವಿಮಲಾಕ್ಷಿ ಮೇಡಂ!”

ತೀರಿಕೊಂಡ ವಿಮಲಾಕ್ಷಿಯ ಕುರ್ಚಿ ನನಗೆ ಬಂದಿತ್ತು. ಆಕೆಯ ನಾಮಫಲಕವನ್ನು ಇನ್ನೂ ಯಾರೂ ತೆಗೆದಿರಲಿಲ್ಲ.